ಅಚ್ಚಿಗೆ ಕೂರದ ಚರ್ಮ: ಕೇಸ್ ಕೆಟ್ಟಾಗ ತಪ್ಪು ಹುಡುಕುವ ದಾರಿ

ಅಚ್ಚಿನಿಂದ ಬಿಡಿಸಿದಾಗ ಕನ್ನಡಕದ ಕೇಸ್ ಚೆನ್ನಾಗೇ ಇತ್ತು. ಮೂಲೆಗಳು ದುಂಡಗಿದ್ದವು, ಅಂಚು ನೇರವಾಗಿತ್ತು. ಮೇಜಿನ ಮೇಲಿಟ್ಟು ಊಟಕ್ಕೆ ಹೋದೆ. ರಾತ್ರಿ ಬಂದು ನೋಡಿದರೆ ಉಬ್ಬು ಅರ್ಧಕ್ಕೆ ಇಳಿದಿತ್ತು. ಬೆಳಗಾಗುವ ಹೊತ್ತಿಗೆ ಹೆಚ್ಚೂಕಮ್ಮಿ ಚಪ್ಪಟೆ. ಅಚ್ಚು ಸರಿಯಿಲ್ಲ ಅಂದುಕೊಂಡು ಎರಡು ದಿನ ಕೂತು ಹೊಸದು ಕೆತ್ತಿದೆ. ಅದರಲ್ಲೂ ಅದೇ ಕತೆ. ಆಮೇಲೆ ಗೊತ್ತಾಯಿತು, ಅಚ್ಚಿನಲ್ಲಿ ತಪ್ಪೇ ಇರಲಿಲ್ಲ. ಅಂಗಡಿಯಲ್ಲಿ ಕೇಳಿದ ಚರ್ಮವೇ ಬೇರೆ, ಕೊಟ್ಟ ಚರ್ಮವೇ ಬೇರೆ.

ಒದ್ದೆ ಮಾಡಿ ಅಚ್ಚಿಗೆ ಕೂರಿಸುವ ಈ ಕೆಲಸದಲ್ಲಿ ದೋಷ ಕಾಣಿಸುವುದು ಕೊನೆಯಲ್ಲಿ, ಹುಟ್ಟುವುದು ತುಂಬಾ ಮೊದಲೇ. ಮೂರನೇ ದಿನ ಕಾಣುವ ಸುಕ್ಕು ಮೊದಲ ಗಂಟೆಯಲ್ಲಿ ಆದ ತಪ್ಪಿರಬಹುದು. ಅದಕ್ಕೇ ಏನೇ ಕೆಟ್ಟರೂ ಒಂದೇ ಕ್ರಮದಲ್ಲಿ ಹುಡುಕಿ: ಮೊದಲು ಚರ್ಮ, ಆಮೇಲೆ ನೀರು, ಆಮೇಲೆ ಅಚ್ಚು, ಕೊನೆಗೆ ಒಣಗಿಸಿದ ರೀತಿ. ನಮಗೆಲ್ಲ ಅಚ್ಚಿನಿಂದಲೇ ಶುರು ಮಾಡುವ ಅಭ್ಯಾಸ, ಯಾಕೆಂದರೆ ಕಣ್ಣಿಗೆ ಕಾಣುವುದು ಅದೇ. ನನ್ನ ಅನುಭವದಲ್ಲಿ ಅಚ್ಚಿನದು ಮೂರನೇ ಸ್ಥಾನ.

ಉದಾಹರಣೆಗೆ ನನ್ನ ಕನ್ನಡಕದ ಕೇಸನ್ನೇ ಇಟ್ಟುಕೊಳ್ಳುತ್ತೇನೆ. ಚರ್ಮದ ದಪ್ಪ 2.5 ಮಿ.ಮೀ. ಮರದ ಅಚ್ಚು 155 ಮಿ.ಮೀ. ಉದ್ದ, 55 ಅಗಲ, 18 ಆಳ. ಇಂಥ ಎರಡು ಅರ್ಧಗಳನ್ನು ಎದುರುಬದುರು ಸೇರಿಸಿ ಹೊಲಿದರೆ ಕೇಸ್ ಆಯಿತು. ಚಾಕುವಿನ ಒರೆ, ಅಳತೆ ಟೇಪಿನ ಪೌಚ್, ಮೊಬೈಲ್ ಕೇಸ್, ಎಲ್ಲಕ್ಕೂ ಇದೇ ಲೆಕ್ಕ.

ಆಕಾರ ನಿಲ್ಲುತ್ತಿಲ್ಲ

ಜಾಸ್ತಿ ಜನ ಕೇಳುವ ದೂರು ಇದು. ಮೊದಲು ನೋಡಬೇಕಾದ್ದು ಚರ್ಮವನ್ನು ಯಾವುದರಿಂದ ಹದ ಮಾಡಿದ್ದಾರೆ ಅಂತ. ಒಂದು ಹಳೇ ರೀತಿ, ಮರದ ಚಕ್ಕೆ ಮತ್ತು ಕಾಯಿಗಳ ಒಗರಿನಿಂದ. ಜಾಲಿ ಚಕ್ಕೆ, ತಂಗಡಿ ಚಕ್ಕೆ, ಅಳಲೆಕಾಯಿ, ಈಗ ವ್ಯಾಟಲ್ ಮರದ ಸಾರ. ಇದನ್ನು ಅಂಗಡಿಯಲ್ಲಿ ವೆಜ್ ಟ್ಯಾನ್ ಅನ್ನುತ್ತಾರೆ. ಇನ್ನೊಂದು ಕ್ರೋಮಿಯಂ ಉಪ್ಪಿನಿಂದ ಹದ ಮಾಡಿದ್ದು. ಬ್ಯಾಗು, ಜಾಕೆಟ್ಟು, ಸೋಫಾಗೆ ಬರುವ ಮೆತ್ತನೆ ಚರ್ಮ ಬಹುಪಾಲು ಈ ಥರದ್ದು. ವೆಜ್ ಟ್ಯಾನ್ ಒದ್ದೆಯಾದಾಗ ಮಣಿಯುತ್ತದೆ, ಒಣಗುವಾಗ ನೀವು ಕೂರಿಸಿದ ಹಾಗೇ ಬಿಗಿಯುತ್ತದೆ. ಕ್ರೋಮ್ ಚರ್ಮವೂ ಒದ್ದೆಯಾದಾಗ ಮಣಿಯುತ್ತದೆ, ಆದರೆ ಒಣಗಿದ ಮೇಲೆ ತನ್ನ ಮೊದಲಿನ ಆಕಾರಕ್ಕೇ ವಾಪಸ್ ಹೋಗುತ್ತದೆ. ಎಷ್ಟು ಒತ್ತಿದರೂ, ಎಷ್ಟು ದಿನ ಅಚ್ಚಿನಲ್ಲಿಟ್ಟರೂ ಅಷ್ಟೇ.

ಗುರುತಿಸುವುದು ಹೇಗೆ? ಹರಿತವಾದ ಬ್ಲೇಡಿನಿಂದ ಅಂಚು ಕತ್ತರಿಸಿ, ಬಿಸಿಲಿಗೆ ಹಿಡಿದು ನೋಡಿ. ವೆಜ್ ಟ್ಯಾನ್ ಆದರೆ ಒಳಗೆಲ್ಲ ಬಿಸ್ಕತ್ತಿನ ಬಣ್ಣ ಅಥವಾ ಕಂದು. ಕ್ರೋಮ್ ಆದರೆ ಮಧ್ಯದಲ್ಲಿ ತೆಳುವಾಗಿ ನೀಲಿ ಅಥವಾ ಬೂದು ಛಾಯೆ ಕಾಣಿಸಬಹುದು. ಪೂರ್ತಿ ಬಣ್ಣ ಕುಡಿಸಿದ ಚರ್ಮದಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಆಗ ನಯವಾದ ಮುಖದ ಮೇಲೆ ಒಂದು ಹನಿ ನೀರು ಬಿಡಿ. ವೆಜ್ ಟ್ಯಾನ್ ಹನಿಯನ್ನು ಬೇಗ ಕುಡಿದು ಅಲ್ಲಿ ಗಾಢವಾಗುತ್ತದೆ. ಹನಿ ಮಣಿಯ ಹಾಗೆ ನಿಂತೇ ಇದ್ದರೆ ಮೇಲೆ ಬಣ್ಣದ ಲೇಪ ಇದೆ, ಇಲ್ಲವೇ ಮೇಣ ಇದೆ, ಇಲ್ಲವೇ ಅದು ಕ್ರೋಮ್.

ಇದಕ್ಕಿಂತ ಗಟ್ಟಿ ಪರೀಕ್ಷೆ ಒಲೆಯ ಮೇಲೆ. ಹೆಬ್ಬೆರಳಿನಷ್ಟು ತುಂಡು ಕತ್ತರಿಸಿ, ಅದರ ಸುತ್ತ ಪೆನ್ಸಿಲಿನಿಂದ ಕಾಗದದ ಮೇಲೆ ಗೆರೆ ಎಳೆದುಕೊಳ್ಳಿ. ಹಳೇ ಪಾತ್ರೆಯಲ್ಲಿ ನೀರು ಕುದಿಸಿ ತುಂಡನ್ನು ಒಂದೆರಡು ನಿಮಿಷ ಬಿಡಿ. ವೆಜ್ ಟ್ಯಾನ್ ಸಾಮಾನ್ಯವಾಗಿ 70ರಿಂದ 85 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮುದುಡುತ್ತದೆ. ಕುದಿನೀರಲ್ಲಿ ಹಪ್ಪಳದ ಹಾಗೆ ಸುರುಳಿ ಸುತ್ತಿ ಚಿಕ್ಕದಾಗುತ್ತದೆ. ಚೆನ್ನಾಗಿ ಹದವಾದ ಕ್ರೋಮ್ 100 ಡಿಗ್ರಿಯನ್ನೂ ತಡೆಯುತ್ತದೆ, ಪೆನ್ಸಿಲ್ ಗೆರೆಯ ಒಳಗೆ ಸರಿಯಾಗಿ ಕೂರುತ್ತದೆ. ಸುಟ್ಟು ನೋಡುವ ಪರೀಕ್ಷೆಯನ್ನೂ ಕೆಲವರು ಹೇಳುತ್ತಾರೆ. ಅದು ಬೇಡ. ಕ್ರೋಮ್ ಚರ್ಮದ ಹೊಗೆ, ಬೂದಿ ಎರಡೂ ಮನೆಯೊಳಗೆ ಇರಬಾರದ ವಸ್ತು.

ಒಂದು ನಡುವಿನ ಥರವೂ ಇದೆ. ಮೊದಲು ಒಗರಿನಿಂದ ಹದ ಮಾಡಿ, ಆಮೇಲೆ ಕ್ರೋಮ್ ಕೊಟ್ಟಿರುತ್ತಾರೆ. ಸೆಮಿ ಕ್ರೋಮ್ ಅನ್ನುತ್ತಾರೆ. ಅಂಚು ನೋಡಿದರೆ ಕಂದು, ನೀರೂ ಕುಡಿಯುತ್ತದೆ, ಅಚ್ಚಿಗೆ ಮಾತ್ರ ಅರೆಮನಸ್ಸಿನಿಂದ ಕೂರುತ್ತದೆ. ನಾನು ಮೋಸ ಹೋಗಿದ್ದು ಇಲ್ಲೇ. ಕುದಿನೀರಲ್ಲಿ ಅದು ಮುದುಡಿದ್ದು ತುಂಬಾ ಕಡಿಮೆ. ಅನುಮಾನ ಬಂದರೆ ಗೊತ್ತಿರುವ ವೆಜ್ ಟ್ಯಾನ್ ತುಂಡೊಂದನ್ನು ಪಕ್ಕದಲ್ಲೇ ಹಾಕಿ ಕುದಿಸಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ನಮ್ಮ ಕಡೆ ನಂಬಿಕೆಯ ವೆಜ್ ಟ್ಯಾನ್ ಬೇಕಾದರೆ ಒಂದು ದಾರಿ ಅಥಣಿ, ನಿಪ್ಪಾಣಿ ಸೀಮೆ. ಕೊಲ್ಹಾಪುರಿ ಚಪ್ಪಲಿಯ ಚರ್ಮವನ್ನು ಜಾಲಿ ಚಕ್ಕೆ, ಅಳಲೆಕಾಯಿಯಲ್ಲೇ ಹದ ಮಾಡುವ ಸಂಪ್ರದಾಯ ಇದೆ. 2019ರಲ್ಲಿ ಈ ಚಪ್ಪಲಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. ಆ ಚರ್ಮ ಒರಟು, ದಪ್ಪ. ಕನ್ನಡಕದ ಕೇಸಿಗೆ ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ಚಾಕುವಿನ ಒರೆಗೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಚರ್ಮ ವೆಜ್ ಟ್ಯಾನೇ ಆಗಿದ್ದೂ ಆಕಾರ ನಿಲ್ಲದಿದ್ದರೆ ಎಣ್ಣೆ ನೋಡಿ. ಬಗ್ಗಿಸಿದ ಕಡೆ ಬಣ್ಣ ತೆಳುವಾಗಿ, ಬಿಟ್ಟ ತಕ್ಷಣ ವಾಪಸ್ ಬರುವ ಚರ್ಮದಲ್ಲಿ ಎಣ್ಣೆ ಮತ್ತು ಮೇಣ ತುಂಬಿರುತ್ತದೆ. ನೋಡಲು ಬಲು ಚಂದ, ಅಚ್ಚಿಗೆ ಆಗದು. ಕೆಲಸ ಶುರು ಮಾಡುವ ಮುಂಚೆ ನಾವೇ ಎಣ್ಣೆ ಸವರಿಬಿಟ್ಟಿದ್ದರೂ ಇದೇ ಗತಿ. ಎಣ್ಣೆ ಯಾವಾಗಲೂ ಆಕಾರ ಕೂತು, ಒಣಗಿ, ಹೊಲಿಗೆ ಮುಗಿದ ಮೇಲೆ.

ಆಮೇಲೆ ಚರ್ಮದ ಯಾವ ಭಾಗ ಅಂತ ನೋಡಬೇಕು. ಬೆನ್ನಿನ ಕಡೆಯದು ಬಿಗಿ, ಹೊಟ್ಟೆಯದು ಸಡಿಲ. ಹೊಟ್ಟೆಯ ಚರ್ಮ ಎಳೆದ ಕಡೆಗೆಲ್ಲ ಬರುತ್ತದೆ, ಹಾಗಾಗಿ ಅಚ್ಚಿಗೆ ಸುಲಭ ಅನಿಸುತ್ತದೆ. ಒಣಗಿದ ಮೇಲೆ ಅದಕ್ಕೆ ಕಸುವಿಲ್ಲ. ಒಂದು ಕೇಸಿನ ಎರಡು ಅರ್ಧಗಳಲ್ಲಿ ಒಂದು ಗಟ್ಟಿ, ಇನ್ನೊಂದು ಜೋಲು ಆಗಿದ್ದರೆ ಕಾರಣ ಇದೇ. ಎರಡೂ ತುಂಡನ್ನು ಬೆನ್ನಿನ ಹತ್ತಿರದಿಂದ, ಅಕ್ಕಪಕ್ಕದಲ್ಲೇ ಕತ್ತರಿಸಿ.

ನೀರಿನ ಹದ

ಕನ್ನಡದಲ್ಲಿ ಚರ್ಮವನ್ನೂ ಹದ ಮಾಡುತ್ತೇವೆ, ಬೆಲ್ಲದ ಪಾಕಕ್ಕೂ ಹದ ನೋಡುತ್ತೇವೆ. ಮಳೆ ಬಿದ್ದ ಹೊಲ ಬಿತ್ತನೆಗೆ ಹದವಾಗಿದೆ ಅನ್ನುತ್ತೇವೆ. ಈ ಕೆಲಸದಲ್ಲಿ ಮೂರೂ ಅರ್ಥ ಒಟ್ಟಿಗೆ ಬೇಕಾಗುತ್ತದೆ. ನೀರು ಜಾಸ್ತಿಯಾದರೆ ಚರ್ಮ ಒದ್ದೆ ಬಟ್ಟೆಯ ಥರ. ಒತ್ತಿದ ಗುರುತು ನಿಲ್ಲುವುದಿಲ್ಲ, ಬೆರಳು ತೆಗೆದ ತಕ್ಷಣ ಏಳುತ್ತದೆ. ಕಮ್ಮಿಯಾದರೆ ಮಣಿಯುವುದೇ ಇಲ್ಲ, ಬಲವಂತ ಮಾಡಿದರೆ ಬಿರಿಯುತ್ತದೆ.

ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಮುಂದೆ ಕೂತು ನನ್ನ ಒದ್ದೆ ತುಂಡು ತೋರಿಸಿದ್ದೆ. ಆಗಷ್ಟೇ ಬಕೆಟ್ಟಿನಿಂದ ತೆಗೆದದ್ದು, ಒತ್ತಲು ಆತುರ. ಅವರು ಅದನ್ನು ಒಮ್ಮೆ ಮಡಚಿ, ಬಿಟ್ಟು, ನನ್ನ ಕೈಗೇ ವಾಪಸ್ ಕೊಟ್ಟರು.

"ನೀರು ಕುಡಿಸೀದಿ ಖರೆ, ಉಸುರು ಬಿಡಾಕ ಬಿಟ್ಟಿಲ್ಲ ನೋಡು ತಮ್ಮಾ" ಅಂದರು.

"ಎಷ್ಟು ಹೊತ್ತು ಬಿಡಬೇಕ್ರಿ?"

"ತಾಸು ಎಣಿಸಬ್ಯಾಡ. ಬಣ್ಣ ನೋಡು."

ಅವತ್ತಿನಿಂದ ನಾನು ಬಣ್ಣ ನೋಡುತ್ತೇನೆ. ಕೈಯಿಟ್ಟರೆ ಹಿತವಾಗುವಷ್ಟು ಬೆಚ್ಚಗಿನ ನೀರಿನಲ್ಲಿ ಚರ್ಮ ಮುಳುಗಿಸಿದರೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. 2.5 ಮಿ.ಮೀ. ಚರ್ಮಕ್ಕೆ ಐದರಿಂದ ಹತ್ತು ನಿಮಿಷ. ಗುಳ್ಳೆ ನಿಂತರೆ ನೀರು ಒಳಗಿನವರೆಗೆ ಹೋಗಿದೆ ಅಂತ ಅರ್ಥ. ಹೊರಗೆ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ. ರಾತ್ರಿ ಇಟ್ಟರೆ ಇನ್ನೂ ಒಳ್ಳೆಯದು, ನೀರು ಎಲ್ಲ ಕಡೆ ಒಂದೇ ಸಮ ಹರಡುತ್ತದೆ. ಬೆಳಿಗ್ಗೆ ಚೀಲದಿಂದ ತೆಗೆದು ಗಾಳಿಗಿಡಿ. ಗಾಢವಾಗಿದ್ದ ಮೇಲ್ಮೈ ನಿಧಾನಕ್ಕೆ ತಿಳಿಯಾಗುತ್ತಾ ಬರುತ್ತದೆ. ಒಣಗಿದಾಗಿನ ಬಣ್ಣಕ್ಕೆ ಹತ್ತಿರ ಬಂದಿರಬೇಕು, ಮುಟ್ಟಿದರೆ ಇನ್ನೂ ತಣ್ಣಗಿರಬೇಕು. ಅದೇ ಹದ. ಬೆರಳ ತುದಿಯಿಂದ ಒತ್ತಿ ನೋಡಿ. ನೀರು ಜಿನುಗಬಾರದು, ಗುಳಿ ಹಾಗೇ ಉಳಿಯಬೇಕು. ಚಪಾತಿ ಹಿಟ್ಟಿನಲ್ಲಿ ಬೆರಳ ಗುರುತು ಉಳಿಯುತ್ತದಲ್ಲ, ಹಾಗೆ.

ಕಣ್ಣಿನ ಮೇಲೆ ಇನ್ನೂ ನಂಬಿಕೆ ಬಾರದವರಿಗೆ ಅಡುಗೆಮನೆಯ ತಕ್ಕಡಿ ಇದೆ. ನನ್ನ ಕನ್ನಡಕದ ಕೇಸಿನ ಒಂದು ತುಂಡು ಒಣಗಿದ್ದಾಗ 58 ಗ್ರಾಂ. ನೀರಿನಿಂದ ತೆಗೆದಾಗ 90. ಒತ್ತಲು ಹದವಾದಾಗ 78. ಒಂದು ದಿನ ಅವಸರಪಟ್ಟು ಅಚ್ಚಿನಿಂದ ತೆಗೆದಾಗ 66 ಇತ್ತು. ಅಂದರೆ 8 ಗ್ರಾಂ ನೀರು ಇನ್ನೂ ಒಳಗೇ ಇತ್ತು. ಮೇಲ್ಮೈ ಮುಟ್ಟಿದರೆ ಒಣಗಿದ ಹಾಗೇ ಇತ್ತು! ತೂಕ ಮೊದಲಿನ 58ರ ಹತ್ತಿರ ಬರುವ ತನಕ ಅಚ್ಚಿನಿಂದ ಬಿಡಿಸಬೇಡಿ. ತಕ್ಕಡಿ ಇಲ್ಲದಿದ್ದರೆ ಚರ್ಮವನ್ನು ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ಇನ್ನೂ ಒದ್ದೆ. ಮಳೆಗಾಲದಲ್ಲಿ ಬಟ್ಟೆ ಒಣಗಿದೆಯಾ ಅಂತ ನೋಡುವುದು ಹಾಗೇ ಅಲ್ವಾ.

ಹದ ತಪ್ಪಿ ಕೆಟ್ಟಿದ್ದನ್ನು ಸರಿಪಡಿಸಬಹುದು ಅನ್ನುವುದೇ ಇಲ್ಲಿ ಸಮಾಧಾನ. ಪೂರ್ತಿ ಮತ್ತೆ ನೆನೆಸಿ, ಮೊದಲಿನಿಂದ ಮಾಡಿ. ಒಂದು ಭಾಗ ಮಾತ್ರ ಒದ್ದೆ ಮಾಡಿದರೆ ನೀರು ನಿಂತ ಗೆರೆ ಉಂಗುರದ ಹಾಗೆ ಉಳಿದುಬಿಡುತ್ತದೆ. ಎರಡು ಸಲ ನೆನೆದರೆ ತೊಂದರೆ ಇಲ್ಲ. ನಾಲ್ಕೈದು ಸಲ ಆದರೆ ಚರ್ಮ ಪೆಡಸಾಗುತ್ತಾ ಹೋಗುತ್ತದೆ.

ಮೂಲೆಯಲ್ಲಿ ಸುಕ್ಕು

ಚಪ್ಪಟೆ ತುಂಡನ್ನು ಡಬ್ಬಿಯ ಆಕಾರಕ್ಕೆ ಇಳಿಸುವಾಗ ಮೂಲೆಯಲ್ಲಿ ಚರ್ಮ ಮಿಗುತ್ತದೆ. ಹೋಳಿಗೆಗೆ ಹೂರಣ ತುಂಬಿ ಅಂಚುಗಳನ್ನು ಮೇಲೆ ಸೇರಿಸುವಾಗ ಕಣಕ ಮಡಿಕೆ ಬೀಳುತ್ತದಲ್ಲ, ಹಾಗೇ. ಆ ಮಿಕ್ಕ ಚರ್ಮ ಎಲ್ಲಾದರೂ ಹೋಗಲೇಬೇಕು. ಹೋಗಲು ದಾರಿ ಸಿಗದಿದ್ದರೆ ಮಡಿಕೆ.

ಅಚ್ಚಿಗೆ ಎರಡು ಭಾಗ: ಚರ್ಮದ ಒಳಗೆ ಕೂರುವ ಉಬ್ಬಿದ ಮರ ಗಂಡಚ್ಚು, ಚರ್ಮದ ಮೇಲಿನಿಂದ ಅದರ ಸುತ್ತ ಒತ್ತುವ ತೂತಿನ ಹಲಗೆ ಚೌಕಟ್ಟು. ಸುಕ್ಕು ಎಲ್ಲಿ ಬಿದ್ದಿದೆ ಅಂತ ಹತ್ತಿರದಿಂದ ನೋಡಿ. ಉಬ್ಬಿನ ಗೋಡೆಯ ಮೇಲೇ ಇದ್ದರೆ ಅಚ್ಚಿನ ಚೌಕಟ್ಟು ಸಡಿಲ. ಗಂಡಚ್ಚಿಗಿಂತ ಚೌಕಟ್ಟಿನ ತೂತು ಒಂದೊಂದು ಮಗ್ಗುಲಲ್ಲೂ ಚರ್ಮದ ದಪ್ಪದಷ್ಟು ದೊಡ್ಡದಿರಬೇಕು. 2.5 ಮಿ.ಮೀ. ಚರ್ಮಕ್ಕೆ ಒಟ್ಟು 5 ಮಿ.ಮೀ. ನಾನು ಕೂದಲೆಳೆ ಬಿಗಿಯಾಗಿ, 4.5 ಇಡುತ್ತೇನೆ. 7 ಇಟ್ಟಿದ್ದ ಹಳೇ ಚೌಕಟ್ಟು ಪ್ರತಿ ಸಲವೂ ಮಡಿಕೆ ಕೊಡುತ್ತಿತ್ತು. ಸುಕ್ಕು ಗೋಡೆ ಬಿಟ್ಟು, ಹೊಲಿಗೆ ಬೀಳುವ ಚಪ್ಪಟೆ ಅಂಚಿನ ಮೇಲಿದ್ದರೆ ಅಚ್ಚು ಸರಿಯಿದೆ, ಒತ್ತಿದ ಕ್ರಮ ತಪ್ಪು. ನಾಲ್ಕು ಮೂಲೆಗೂ ಮೊದಲೇ ಕ್ಲಾಂಪ್ ಬಿಗಿದರೆ ಚರ್ಮ ಸರಿಯಲು ಜಾಗ ಇಲ್ಲ. ಉದ್ದದ ಮಗ್ಗುಲುಗಳ ಮಧ್ಯ ಮೊದಲು ಸ್ವಲ್ಪ ಬಿಗಿ, ಆಮೇಲೆ ಅಗಲದ್ದು, ಕೊನೆಗೆ ಮೂಲೆಗಳು. ನಡುನಡುವೆ ಕ್ಲಾಂಪ್ ಸಡಿಲಿಸಿ, ಮೂಲೆಯ ಚರ್ಮವನ್ನು ಹೊರಗೆಳೆದು ಮತ್ತೆ ಬಿಗಿಯಿರಿ.

ಆಳ ಜಾಸ್ತಿ ಆದಷ್ಟೂ ಸುಕ್ಕಿನ ಕಾಟ ಜಾಸ್ತಿ. ಒಂದೇ ತುಂಡಿನಲ್ಲಿ 36 ಮಿ.ಮೀ. ಆಳ ಇಳಿಸಲು ಹೋಗಿ ನಾನು ಎರಡು ತುಂಡು ಹಾಳು ಮಾಡಿದೆ. ಅದೇ ಆಳವನ್ನು 18, 18 ಅಂತ ಎರಡು ಅರ್ಧಕ್ಕೆ ಹಂಚಿದ ಮೇಲೆ ಸುಕ್ಕೇ ಇಲ್ಲ. ಮೂಲೆಯನ್ನು ಚೂಪಾಗಿ ಬಿಡದೆ ದೊಡ್ಡದಾಗಿ ದುಂಡಗೆ ಮಾಡಿದರೂ ಅರ್ಧ ಸಮಸ್ಯೆ ಕಳೆಯುತ್ತದೆ. ಕನ್ನಡಕಕ್ಕೆ ಚೂಪು ಮೂಲೆ ಯಾತಕ್ಕೂ ಬೇಕಿಲ್ಲ.

ಬಿದ್ದ ಸುಕ್ಕನ್ನು ಒದ್ದೆ ಇರುವಾಗಲೇ ಗೆಲ್ಲಬೇಕು. ಗಂಡಚ್ಚಿನ ಮೇಲೆ ಇಟ್ಟುಕೊಂಡು, ಮರದ ಚಮಚದ ಬೆನ್ನಿನಿಂದ ಮಡಿಕೆಯನ್ನು ಉಬ್ಬಿನಿಂದ ಅಂಚಿನ ಕಡೆಗೆ ಸಣ್ಣಸಣ್ಣದಾಗಿ ಉಜ್ಜಿ. ಒಂದು ದೊಡ್ಡ ಮಡಿಕೆ ಮೂರು ಸಣ್ಣ ಮಡಿಕೆ ಆಗುತ್ತದೆ, ಮೂರು ಆರಾಗುತ್ತವೆ, ಆರು ಕರಗಿಹೋಗುತ್ತವೆ. ಹತ್ತು ನಿಮಿಷದ ಕೆಲಸ, ಆದರೆ ಇಡೀ ಕೇಸಿನಲ್ಲಿ ಕೈಗೆ ಇದರಷ್ಟು ಖುಷಿ ಕೊಡುವ ಹತ್ತು ನಿಮಿಷ ಬೇರೆ ಇಲ್ಲ.

ಮೇಲ್ಮೈ ಬಿರುಕು

ಬಿರುಕನ್ನು ಸರಿಪಡಿಸಲು ಆಗುವುದಿಲ್ಲ. ಕಾರಣ ಹುಡುಕುವುದು ಮುಂದಿನ ತುಂಡಿಗಾಗಿ.

ಬಿರುಕು ಅಂಚಿನ ಉದ್ದಕ್ಕೆ ನೇರವಾಗಿ ಗೆರೆ ಎಳೆದ ಹಾಗಿದ್ದರೆ ಅಚ್ಚಿನ ಅಂಚು ಚೂಪು. ಗಂಡಚ್ಚಿನ ಅಂಚನ್ನು ಕನಿಷ್ಠ 3 ಮಿ.ಮೀ. ದುಂಡಗೆ ಉಜ್ಜಿ. ಚೌಕಟ್ಟಿನ ಒಳಅಂಚನ್ನು ಎಲ್ಲರೂ ಮರೆಯುತ್ತಾರೆ, ಅದಕ್ಕೂ ಮರಳುಕಾಗದ ತೋರಿಸಿ. ಬಿರುಕು ಜೇಡರ ಬಲೆಯ ಥರ ಎಲ್ಲ ಕಡೆ ಹರಡಿದ್ದರೆ ಚರ್ಮ ಒಣಗಿರುವಾಗಲೇ ಬಗ್ಗಿಸಿದ್ದೀರಿ, ಇಲ್ಲವೇ ಬಿಸಿ ತಗುಲಿದೆ. ಹೇರ್ ಡ್ರೈಯರ್ ಹತ್ತಿರ ಹಿಡಿಯುವುದು, ಓವನ್ನಿನಲ್ಲಿಡುವುದು, ಮೇ ತಿಂಗಳ ಬಿಸಿಲಿಗೆ ತಾರಸಿಯಲ್ಲಿ ಒಣಗಿಸುವುದು, ಮೂರೂ ಬೇಡ. ಒದ್ದೆ ಚರ್ಮಕ್ಕೆ ಬಿಸಿ ಅಂದರೆ ಶತ್ರು. ನೆರಳು, ಫ್ಯಾನಿನ ಗಾಳಿ ಸಾಕು.

ಬಿರುಕಿಲ್ಲ, ಆದರೆ ಒಳಗೆ ಬಾಗಿದ ಕಡೆ ಮೇಲ್ಪದರ ದೊಡ್ಡ ದೊಡ್ಡ ಸಡಿಲ ನೆರಿಗೆಯಾಗಿ ಏಳುತ್ತದೆ ಅಂದರೆ ಅದು ಬೇರೆ ದೋಷ. ಮೇಲ್ಪದರವೂ ಒಳಪದರವೂ ಒಂದನ್ನೊಂದು ಬಿಟ್ಟಿವೆ. ಹೊಟ್ಟೆಯ ಭಾಗದಲ್ಲಿ ಇದು ಸಾಮಾನ್ಯ. ಕೊಳ್ಳುವಾಗಲೇ ನಯವಾದ ಮುಖ ಒಳಗೆ ಬರುವ ಹಾಗೆ ಮಡಚಿ ನೋಡಿ. ಸಣ್ಣ, ಒತ್ತಾದ ಗೆರೆ ಬಂದರೆ ಒಳ್ಳೆಯದು. ದಪ್ಪ ನೆರಿಗೆ ಬಂದರೆ ಆ ಭಾಗ ಬೇಡ.

ಕಪ್ಪು ಕಲೆ

ಬಾಳೆಕಾಯಿ ಹೆಚ್ಚಿದ ಈಳಿಗೆಮಣೆ ನೋಡಿದ್ದೀರಲ್ಲ. ಅಲಗು ಕಪ್ಪು, ಬೆರಳೂ ಕಪ್ಪು. ಬಾಳೆಕಾಯಿಯ ಒಗರು ಕಬ್ಬಿಣಕ್ಕೆ ತಾಗಿ ಆಗುವ ಕಪ್ಪು ಅದು. ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಅನ್ನುವ ಕಬ್ಬಿಣದ ಉಪ್ಪು ಹಾಕಿ ಬರೆಯುವ ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ವೆಜ್ ಟ್ಯಾನ್ ಚರ್ಮದ ತುಂಬಾ ಒಗರೇ ಇದೆ. ಅದು ಒದ್ದೆ ಇರುವಾಗ ಒಂದು ಕಣ ಕಬ್ಬಿಣ ಬಿದ್ದರೂ ಅಲ್ಲಿ ಶಾಯಿ ತಯಾರು. ಬಣ್ಣ ನೀಲಿ ಬೆರೆತ ಕಪ್ಪು. ಒರೆಸಿದರೆ ಹೋಗದು.

ಕಲೆಯ ಆಕಾರ ನೋಡಿದರೆ ಕಬ್ಬಿಣ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಉದುರಿಸಿದ ಸಾಸಿವೆಯಂಥ ಚುಕ್ಕೆಗಳು ಅಂದರೆ ಅರ ಹಾಕಿದ ಪುಡಿ. ಅದೇ ಮೇಜಿನ ಮೇಲೆ ಯಾರೋ ಚಾಕು ಮಸೆದಿದ್ದಾರೆ, ಇಲ್ಲವೇ ಸ್ಟೀಲ್ ವುಲ್ ಬಳಸಿದ್ದಾರೆ. ದುಂಡಗೆ ಅಥವಾ ಚೌಕ ಅಚ್ಚೊತ್ತಿದ್ದರೆ ಕ್ಲಾಂಪಿನ ಬಾಯಿ. ಸಾಲಾಗಿ ಇದ್ದರೆ ಮೊಳೆ. ಚಾಕುವಿನ ಆಕಾರದಲ್ಲೇ ಒರೆಯ ಒಳಗೆಲ್ಲ ಕಪ್ಪಾಗಿದ್ದರೆ ಅಲಗನ್ನು ಬರಿದಾಗಿ ಒಳಗಿಟ್ಟು ಅಚ್ಚು ಮಾಡಿದ್ದೀರಿ. ಅಲ್ಲಿ ಚರ್ಮಕ್ಕೆ ಕಲೆ, ಅಲಗಿಗೆ ತುಕ್ಕು, ಎರಡೂ ನಷ್ಟ. ಅಲಗಿಗೆ ಎಣ್ಣೆ ಸವರಿ, ಅಡುಗೆಮನೆಯ ಅಂಟುವ ಪ್ಲಾಸ್ಟಿಕ್ ಹಾಳೆ ಎರಡು ಸುತ್ತು ಸುತ್ತಿ ಒಳಗಿಡಿ.

ಇಡೀ ತುಂಡು ಮೋಡ ಕವಿದ ಹಾಗೆ ಮಬ್ಬಾಗಿದ್ದರೆ ನೀರನ್ನೇ ಅನುಮಾನಿಸಿ. ಬೋರ್‌ವೆಲ್ ನೀರಿನಲ್ಲಿ ಎಷ್ಟೋ ಕಡೆ ಕಬ್ಬಿಣದ ಅಂಶ ಇರುತ್ತದೆ. ಬಕೆಟ್ಟಿನ ತಳದಲ್ಲಿ ಕೆಂಪು ಗಸಿ ಕಟ್ಟುತ್ತಿದ್ದರೆ ನಿಮ್ಮ ನೀರು ಅಂಥದ್ದು. ಪರೀಕ್ಷೆ ಸುಲಭ. ಕಡು ಕಪ್ಪು ಚಹಾ ಮಾಡಿ ಆರಿಸಿ, ಒಂದು ಲೋಟಕ್ಕೆ ಬೋರ್ ನೀರು, ಇನ್ನೊಂದಕ್ಕೆ ಮಳೆನೀರು ಅಥವಾ ಫಿಲ್ಟರ್ ನೀರು ಬೆರೆಸಿ. ಚಹಾದಲ್ಲೂ ಒಗರಿದೆ. ಕಬ್ಬಿಣ ಜಾಸ್ತಿ ಇರುವ ಲೋಟ ಮಸಿಯಂತೆ ಮಬ್ಬಾಗುತ್ತದೆ.

ಕಂದು ಅಥವಾ ಹಳದಿ ಕಲೆ ಬಂದರೆ ಅದು ಕಬ್ಬಿಣ ಅಲ್ಲ, ಅಚ್ಚಿನ ಮರ. ಹೊನ್ನೆ ಮರದ ಲೋಟದಲ್ಲಿ ನೀರಿಟ್ಟರೆ ಬಣ್ಣ ಬಿಡುತ್ತದಲ್ಲ, ಒದ್ದೆ ಚರ್ಮಕ್ಕೂ ಬಿಡುತ್ತದೆ. ಹಲಸಿನ ಮರ ಹಳದಿ ಬಿಡುತ್ತದೆ. ಯಾವ ಮರವಾದರೂ ಎರಡು ಕೋಟು ವಾರ್ನಿಶ್ ಹೊಡೆದು, ಪೂರ್ತಿ ಒಣಗಿಸಿ ಬಳಸಿ.

ಕಬ್ಬಿಣದ ಕಲೆ ತಾಜಾ ಇದ್ದರೆ ನಿಂಬೆರಸ ಕೆಲಸ ಮಾಡುತ್ತದೆ. ಶೋಧಿಸಿದ ರಸವನ್ನು ಬಟ್ಟೆಯಲ್ಲಿ ಅದ್ದಿ ಹಚ್ಚಿ, ಕಣ್ಣೆದುರೇ ಕಪ್ಪು ತಿಳಿಯಾಗುತ್ತದೆ. ಆದರೆ ಕಲೆಯ ಮೇಲೆ ಮಾತ್ರ ಹಚ್ಚಿದರೆ ಅಲ್ಲಿ ಬೆಳ್ಳಗೆ ಮಚ್ಚೆ ಉಳಿಯುತ್ತದೆ. ಇಡೀ ತುಂಡಿಗೆ ಒಂದೇ ಸಮ ಹಚ್ಚಿ, ಕೆಲವು ನಿಮಿಷ ಬಿಟ್ಟು, ಒಳ್ಳೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಹಳೇ ಕಲೆಗೆ ಆಕ್ಸಾಲಿಕ್ ಆಮ್ಲ ಬಳಸುವವರಿದ್ದಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ನಾನಂತೂ ತರುವುದಿಲ್ಲ. ಕಲೆ ಹೋಗದಿದ್ದರೆ ಇಡೀ ಕೇಸನ್ನೇ ಕಪ್ಪು ಮಾಡಿಬಿಡುತ್ತೇನೆ. ತುಕ್ಕು ಮೊಳೆಗಳನ್ನು ವಿನೆಗರಿನಲ್ಲಿ ಮುಚ್ಚಳ ಸಡಿಲ ಬಿಟ್ಟು ಒಂದೆರಡು ವಾರ ನೆನೆಸಿ, ಸೋಸಿ ಹಚ್ಚಿದರೆ ಚರ್ಮ ಇದ್ದಿಲಿನಂತೆ ಕಪ್ಪಾಗುತ್ತದೆ. ಕಲೆ ಮಾಡಿದ ಕಬ್ಬಿಣವೇ ಬಣ್ಣವೂ ಆಯಿತು.

ಇದರ ಜೊತೆಗೇ ಒಂದು ಮಾತು. ಉಗುರಿನ ಗುರುತು, ಬಟ್ಟೆ ಕ್ಲಿಪ್ಪಿನ ಹಲ್ಲಿನ ಗುರುತು ಒದ್ದೆ ಚರ್ಮದಲ್ಲಿ ಕೆತ್ತಿದ ಹಾಗೆ ಉಳಿಯುತ್ತವೆ. ಉಗುರು ಕತ್ತರಿಸಿಕೊಳ್ಳಿ, ಉಂಗುರ ತೆಗೆದಿಡಿ, ಕ್ಲಿಪ್ಪಿನ ಕೆಳಗೆ ಚರ್ಮದ ಚೂರೊಂದನ್ನು ಕೊಡಿ. ಎಣ್ಣೆ ಕೈಯಲ್ಲಿ ಮುಟ್ಟಿದ ಜಾಗ ಆಮೇಲೆ ಬಣ್ಣ ಕುಡಿಯುವುದಿಲ್ಲ, ಹಾಗಾಗಿ ತಿಂಡಿ ತಿಂದ ಕೈ ಸೋಪಿನಿಂದ ತೊಳೆದೇ ಬನ್ನಿ.

ವಸ್ತು ಒಳಗೆ ಹೋಗುತ್ತಿಲ್ಲ

ಚರ್ಮ ಒಣಗುವಾಗ ಸ್ವಲ್ಪ ಕುಗ್ಗುತ್ತದೆ. ವಸ್ತುವನ್ನೇ ಅಚ್ಚಾಗಿ ಬಳಸಿದರೆ ಕೇಸ್ ಅದನ್ನು ಹಿಡಿದುಕೊಂಡುಬಿಡುತ್ತದೆ. ಮರದ ಅಚ್ಚಾದರೆ ವಸ್ತುವಿಗಿಂತ ಎಲ್ಲ ಕಡೆ ಒಂದು ಮಿ.ಮೀ. ದೊಡ್ಡದಾಗಿ ಕೆತ್ತಿ. ಒಳಗೆ ಅಸ್ತರಿ ಹಾಕುವುದಿದ್ದರೆ ಅದರ ದಪ್ಪವನ್ನೂ ಸೇರಿಸಿ. ನಾನು ಎಲ್ಲ ಲೆಕ್ಕ ಮಾಡಿ ಅಸ್ತರಿಯನ್ನೇ ಮರೆತಿದ್ದೆ. ಒಂದು ಮಿ.ಮೀ. ದಪ್ಪದ ಮೆತ್ತನೆ ಚರ್ಮ ಎರಡೂ ಮಗ್ಗುಲಿಗೆ ಅಂಟಿಸಿದ ಮೇಲೆ ಕೇಸ್ 2 ಮಿ.ಮೀ. ಬಿಗಿಯಾಯಿತು. ಕನ್ನಡಕದ ಕಡ್ಡಿ ಅರ್ಧಕ್ಕೇ ನಿಂತಿತು.

ಅಷ್ಟಕ್ಕೇ ಎಸೆಯಬೇಡಿ. ಮೇಲ್ಭಾಗ ಮುಟ್ಟದೆ, ಒಳಗೆ ಮಾತ್ರ ಸ್ಪಂಜಿನಿಂದ ಒದ್ದೆ ಮಾಡಿ. ಗಂಡಚ್ಚಿಗೆ ಎರಡು ಸುತ್ತು ದಪ್ಪ ಕಾಗದ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ತಳ್ಳಿ, ರಾತ್ರಿಯಿಡೀ ಬಿಡಿ. ನನ್ನ ಕೇಸ್ ಸರಿಯಾಗಿದ್ದು ಹೀಗೆ. ಸಡಿಲವಾಗಿದ್ದರೆ ಪೂರ್ತಿ ನೆನೆಸಿ ಮತ್ತೆ ಒತ್ತುವುದು ಬಿಟ್ಟು ಬೇರೆ ದಾರಿ ಇಲ್ಲ. ಬಿಸಿನೀರಿನಲ್ಲಿ ಅದ್ದಿ ಕುಗ್ಗಿಸುವ ಉಪಾಯ ಇದೆ. ಮೇಲೆ ಹೇಳಿದ 70 ಡಿಗ್ರಿಯ ಗಡಿ ನೆನಪಿದ್ದರೆ ಅದು ಎಷ್ಟು ಅಪಾಯ ಅಂತ ನಿಮಗೇ ಗೊತ್ತಾಗುತ್ತದೆ.

ಮಳೆಗಾಲದ ಬಿಳಿ ಪುಡಿ

ಜೂನ್ ಬಂದರೆ ಹೊಸ ದೂರು ಶುರು. ಕೇಸಿನ ಮೇಲೆ ಬಿಳಿ ಪುಡಿ. ಎಲ್ಲರೂ ಬೂಸ್ಟು ಅಂದುಕೊಳ್ಳುತ್ತಾರೆ. ಅರ್ಧ ಸಲ ಅಲ್ಲ. ಹಚ್ಚಿದ ಕೊಬ್ಬು, ಮೇಣ ತಂಪಿಗೆ ಹೊರಬಂದು ಹೆಪ್ಪುಗಟ್ಟಿದರೂ ಹಾಗೇ ಕಾಣುತ್ತದೆ. ಪೂರ್ತಿ ಒಣಗಿದ ಕೇಸಿಗೆ ಮಾತ್ರ ಈ ಪರೀಕ್ಷೆ: ಹೇರ್ ಡ್ರೈಯರನ್ನು ಒಂದು ಅಡಿ ದೂರದಿಂದ ಕಡಿಮೆ ಬಿಸಿಯಲ್ಲಿ ಹಿಡಿಯಿರಿ. ಕರಗಿ ಮಾಯವಾದರೆ ಕೊಬ್ಬು. ಬಟ್ಟೆಯಿಂದ ಒರೆಸಿ, ಅಷ್ಟೇ. ಏನೂ ಆಗದೆ ಹಾಗೇ ಉಳಿದು, ಮೂಸಿದರೆ ಮುಗ್ಗಲು ವಾಸನೆ ಬಂದರೆ ಬೂಸ್ಟು.

ಬೂಸ್ಟು ಬಂದ ಕೇಸನ್ನು ಮನೆಯ ಹೊರಗೆ ಒಣ ಬ್ರಶ್ಶಿನಿಂದ ಉಜ್ಜಿ. ಸರ್ಜಿಕಲ್ ಸ್ಪಿರಿಟ್ಟಿಗೆ ಅಷ್ಟೇ ನೀರು ಬೆರೆಸಿ, ಹಿಂಡಿದ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ. ಬಣ್ಣ ಹಚ್ಚಿದ ಕೇಸಾದರೆ ಮೊದಲು ಕಾಣದ ಮೂಲೆಯಲ್ಲಿ ನೋಡಿಕೊಳ್ಳಿ, ಸ್ಪಿರಿಟ್ಟಿಗೆ ಕೆಲವು ಬಣ್ಣ ಬಿಡುತ್ತವೆ. ಫ್ಯಾನಿನ ಕೆಳಗೆ ಒಣಗಿಸಿ, ಆಮೇಲೆ ಜೇನುಮೇಣ ತೆಳುವಾಗಿ.

ಅಚ್ಚಿನಲ್ಲಿರುವಾಗಲೇ ಬೂಸ್ಟು ಬಂದರೆ ಕಾರಣ ಚೌಕಟ್ಟು. ಮಲೆನಾಡಿನ ಜುಲೈನಲ್ಲಿ ಚರ್ಮ ಎರಡು ಮರದ ನಡುವೆ ಮೂರು ದಿನ ಸಿಕ್ಕಿಕೊಂಡಿದ್ದರೆ ಉಸಿರಾಡುವುದೆಲ್ಲಿಂದ? ಚೌಕಟ್ಟನ್ನು ನಾಲ್ಕೈದು ಗಂಟೆ ಮಾತ್ರ ಇಡಿ. ಅಷ್ಟರಲ್ಲಿ ಆಕಾರ ಕೂತಿರುತ್ತದೆ. ಆಮೇಲೆ ಚೌಕಟ್ಟು ತೆಗೆದು, ಗಂಡಚ್ಚಿನ ಮೇಲೇ ಚರ್ಮ ಬಿಟ್ಟು, ಅಂಚಿಗೆ ನಾಲ್ಕು ಕ್ಲಿಪ್ಪು ಹಾಕಿ ಫ್ಯಾನಿನ ಎದುರು ನಿಲ್ಲಿಸಿ. ಗಂಡಚ್ಚಿನ ಮಧ್ಯೆ ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತು ಎರಡು ಕೊರೆದಿಟ್ಟುಕೊಂಡರೆ ಒಳಮೈಗೂ ಗಾಳಿ ಹೋಗುತ್ತದೆ. ಉಬ್ಬಿನ ನೆತ್ತಿಯ ಮೇಲೆ ತೂತಿನ ಗುರುತು ಮೂಡದಿರಲು ಆ ಜಾಗದಲ್ಲಿ ಸೊಳ್ಳೆ ಜಾಲರಿಯ ಪ್ಲಾಸ್ಟಿಕ್ ತುಂಡೊಂದನ್ನು ಎರಡು ಪದರ ಇಡಿ. ಕಬ್ಬಿಣದ ಜಾಲರಿ ಮಾತ್ರ ಬೇಡ.